ಒಗ್ಗರಣೆಗೆ ಮೊದಲು ಗಾಳಿಯ ದಿಕ್ಕು

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಆಮೇಲೆ ಒಗ್ಗರಣೆ ಹಾಕುತ್ತಿದ್ದ ಹೆಂಗಸು ಇಡೀ ಕೊಪ್ಪ ಪೇಟೆಗೆ ಒಬ್ಬರೇ ಇದ್ದರು. ಆ ಒಬ್ಬರು ನನ್ನ ಸೋದರತ್ತೆಯೇ ಆಗಿರಬೇಕೆ! ಅದೂ ಹೋಗಲಿ, ನನ್ನ ಪಕ್ಕದ ಮನೆಯಲ್ಲೇ ಬಂದು ಕೂರಬೇಕೆ!

ಅತ್ತೆಯನ್ನು ಮದುವೆ ಮಾಡಿ ಮುಂಬಯಿಗೆ ಕಳಿಸಿದ್ದು ನಾನು ಹುಟ್ಟುವ ಮೊದಲು. ಮಾವನಿಗೆ ಅಲ್ಲೊಂದು ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯಲ್ಲಿ ವಾಲ್ವ್ ತಿರುಗಿಸುವ ಕೆಲಸ. ಕಾರ್ಖಾನೆಯ ಕಾಂಪೌಂಡಿಗೆ ಅಂಟಿದಂತೆ ಕ್ವಾರ್ಟರ್ಸು. ಮಾವ ನಿವೃತ್ತರಾದ ಮೇಲೆ ಇಬ್ಬರೂ ಕೊಪ್ಪಕ್ಕೆ ಬಂದು, ಬಸ್‌ಸ್ಟ್ಯಾಂಡಿನ ಹಿಂದೆ ನಾವಿದ್ದ ಬಾಡಿಗೆ ಮನೆಯ ಇನ್ನೊಂದು ಭಾಗ ಹಿಡಿದರು. ಆಗಿನ್ನೂ ನಮ್ಮೂರಿಗೆ ಮೊಬೈಲು ಹೊಸತು. ಮಾವ ಸಾಮಾನು ಸರಂಜಾಮು ತಂದರು. ಅತ್ತೆ ಮಾತ್ರ ಇಡೀ ಕಾರ್ಖಾನೆಯನ್ನೇ ತಲೆಯಲ್ಲಿ ಹೊತ್ತು ತಂದಿದ್ದರು!

ಬಂದ ವಾರವೇ ಒಂದು ಕೇಸರಿ ಬಣ್ಣದ ದಿಂಬಿನ ಚೀಲದ ಎರಡೂ ಬದಿ ಕತ್ತರಿಸಿ, ಉದ್ದನೆಯ ಬಿದಿರಿಗೆ ಕಟ್ಟಿ, ಮಾವನನ್ನು ಏಣಿ ಹತ್ತಿಸಿ ಹೆಂಚಿನ ಮೇಲೆ ನಿಲ್ಲಿಸಿದರು. ಗ್ಯಾಸ್ ಸೋರಿದರೆ ಯಾವ ಕಡೆ ಓಡಬೇಕೆಂದು ತಿಳಿಯಲು ಕಾರ್ಖಾನೆಯಲ್ಲಿ ಇಂಥದ್ದೊಂದು ಚೀಲ ಇರುತ್ತದಂತೆ. ಅದು ಚುನಾವಣೆಯ ಕಾಲ. ಮತ ಕೇಳಲು ಬಂದ ಯುವಕರ ಗುಂಪೊಂದು ತಲೆಯೆತ್ತಿ ನೋಡಿ ಗಾಬರಿಯಾಯಿತು.

"ಅಮ್ಮಾ, ಇದು ಯಾವ ಪಕ್ಷದ ಬಾವುಟ?"

"ಪಕ್ಷ ಗಿಕ್ಷ ಎಂತದೂ ಇಲ್ಲ ಮಾರಾಯ. ಗಾಳಿ ಬಂದ ಕಡೆ ತಿರುಗ್ತದೆ, ಅಷ್ಟೇ."

"ಹಾಗಾದ್ರೆ ನಮ್ಮದೇ ಬಿಡಿ!" ಎಂದು ಒಬ್ಬ ನಕ್ಕುಬಿಟ್ಟ. ಅವನನ್ನು ಮುಂದಿನ ಸಲ ಆ ಗುಂಪಿನಲ್ಲಿ ನಾನು ಕಾಣಲಿಲ್ಲ.

ಗ್ಯಾಸ್ ಸಿಲಿಂಡರಿಗೆ ಅತ್ತೆಯ ಮನೆಯೊಳಗೆ ಪ್ರವೇಶವಿರಲಿಲ್ಲ. ಅದು ಹೊರಗೆ, ಅಡುಗೆಮನೆಯ ಕಿಟಕಿಯ ಕೆಳಗೆ, ಸರಪಳಿ ಹಾಕಿಸಿಕೊಂಡು ನಾಯಿಯ ಹಾಗೆ ಕೂತಿರುತ್ತಿತ್ತು. ಬಂದ ನೆಂಟರು ಬೆಂಕಿಪೊಟ್ಟಣ, ಲೈಟರು, ಮೊಬೈಲುಗಳನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿಟ್ಟು ಒಳಗೆ ಬರಬೇಕು. ಚಪ್ಪಲಿ ಬೇಕಾದರೆ ಹಾಕಿಕೊಂಡೇ ಬರಬಹುದು! ಸತ್ಯನಾರಾಯಣ ಪೂಜೆಗೆ ಬಂದ ಭಟ್ಟರ ಬೆಂಕಿಪೊಟ್ಟಣವೂ ಬುಟ್ಟಿ ಸೇರಿತು. ದೀಪ ಹಚ್ಚುವುದು ಹೇಗೆ? ಬಹಳ ಚರ್ಚೆಯಾದ ಮೇಲೆ ಒಂದೇ ಒಂದು ಕಡ್ಡಿ ಮಂಜೂರಾಯಿತು. ಭಟ್ಟರು ಮಂಗಳಾರತಿ ಎತ್ತಿದರೆ, ಪಕ್ಕದಲ್ಲಿ ಅತ್ತೆ ಮರಳಿನ ಬಕೆಟ್ ಎತ್ತಿ ನಿಂತಿದ್ದರು. ಭಟ್ಟರು ಆರತಿಯನ್ನು ಬಲಕ್ಕೆ ತಿರುಗಿಸಿದರೆ ಬಕೆಟ್ಟೂ ಬಲಕ್ಕೆ, ಎಡಕ್ಕೆ ತಿರುಗಿಸಿದರೆ ಎಡಕ್ಕೆ. ಪಾಪ, ಯಾವತ್ತೂ ತಪ್ಪದ ಭಟ್ಟರಿಗೆ ಅವತ್ತು ಮಂತ್ರ ತಪ್ಪಿತು.

ಇನ್ನು ಶನಿವಾರದ ಡ್ರಿಲ್ಲಿನ ಕಥೆ. ಬೆಳಗ್ಗೆ ಯಾವುದೋ ಹೊತ್ತಿಗೆ ಅತ್ತೆ ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಾರಿಸುತ್ತಿದ್ದರು. ಕೂಡಲೇ ಎರಡೂ ಮನೆಯವರು ಕೈಲಿದ್ದ ಕೆಲಸ ಬಿಟ್ಟು ರಸ್ತೆಯಾಚೆಯ ಹಲಸಿನ ಮರದ ಕೆಳಗೆ ಸಾಲಾಗಿ ನಿಲ್ಲಬೇಕು. ನನ್ನ ಗಂಡ ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದಕ್ಕೆ ನೊರೆ ಮೆತ್ತಿಕೊಂಡು ಅಲ್ಲಿ ನಿಂತದ್ದುಂಟು. ಹೀಗೊಂದು ಶನಿವಾರ ಮನೆಯ ಮಾಲೀಕರು ಒಡೆದ ಹೆಂಚು ನೋಡಲು ಬಂದಿದ್ದರು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಸಾಹೇಬರು, ಬಹಳ ಮರ್ಯಾದಸ್ಥರು. ಅವರನ್ನೂ ಅತ್ತೆ ಎಳೆದು ಸಾಲಿನಲ್ಲಿ ನಿಲ್ಲಿಸಿದರು.

"ಅಮ್ಮಾ, ನಾನು ಬಾಡಿಗೆಯವನಲ್ಲ. ಓನರು!"

"ಬೆಂಕಿಗೆ ಓನರ್ ಯಾರು ಅಂತ ಗೊತ್ತಾಗ್ತದಾ ಸಾಹೇಬ್ರೆ? ನಿಂತ್ಕೊಳ್ಳಿ ಸುಮ್ಮನೆ!"

ಸಾಹೇಬರು ನಿಂತರು. ಮುಂದೆ ಶನಿವಾರಗಳಲ್ಲಿ ಅವರು ನಮ್ಮ ಬೀದಿಗೇ ಬರಲಿಲ್ಲ. ಹೆಂಚು ಸೋರುತ್ತಲೇ ಇತ್ತು.

ಇಷ್ಟೆಲ್ಲ ಹೆದರುವವರು ಕಾರ್ಖಾನೆಯನ್ನು ಬಯ್ಯಬೇಕಲ್ಲವೇ? ಅದೇ ಇಲ್ಲ! ಕೊಪ್ಪದ ಗಾಳಿಯ ಮೇಲೇ ಅವರಿಗೆ ಅನುಮಾನ. "ವಾಸನೆಯೇ ಇಲ್ಲದ ಗಾಳಿಯನ್ನ ಹೇಗೆ ನಂಬೂದು ಕೂಸೇ? ಅಲ್ಲಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಂಧಕ ಅಂತ ಗೊತ್ತಾಗ್ತಿತ್ತು." ಕರೆಂಟು ಹೋದರೆ ಸಾಕು, ಅಲ್ಲಿನ ಹೊಗೆಗೊಳವೆಯ ತುದಿಯಲ್ಲಿ ಸದಾ ಉರಿಯುತ್ತಿದ್ದ ಜ್ವಾಲೆಯ ಗುಣಗಾನ ಶುರು. ಅದರ ಬೆಳಕಿನಲ್ಲಿ ಅವರು ಅಕ್ಕಿ ಆರಿಸಿದ್ದಾರೆ, ಸೂಜಿಗೆ ದಾರ ಪೋಣಿಸಿದ್ದಾರೆ. ಒಣಹಾಕಿದ ಸೀರೆಗಳ ಮೇಲೆ ಮಸಿಯ ಚುಕ್ಕೆ ಬೀಳುತ್ತಿತ್ತಂತೆ. "ಇಡೀ ಕ್ವಾರ್ಟರ್ಸಿನ ಹೆಂಗಸ್ರಿಗೆಲ್ಲ ಒಂದೇ ಡಿಸೈನು!" ಎನ್ನುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ! ನನ್ನ ಗಂಡ ಒಮ್ಮೆ, ಇಂಥ ಕಾರ್ಖಾನೆಗಳಿಂದಲೇ ದೇಶ ಹಾಳಾದದ್ದು ಎಂದು ಭಾಷಣ ಬಿಗಿದರು. ಅತ್ತೆ ಸಾವಧಾನವಾಗಿ ಕೇಳಿ, "ನಿಮ್ಮ ಬೈಕು ಎಂತದರಲ್ಲಿ ಓಡ್ತದೆ? ಮಜ್ಜಿಗೆಯಲ್ಲಾ?" ಎಂದರು. ಭಾಷಣ ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಜಯಪುರದ ನೆಂಟರ ಮನೆಯಲ್ಲಿ ಮಗುವಿನ ನಾಮಕರಣ ಬಂತು. ಮಾವನಿಗೆ ಮಂಡಿನೋವು, ಅವರು ಬರಲಿಲ್ಲ. ಅತ್ತೆ, ನಾನು, ನನ್ನ ಗಂಡ ಬಸ್ಸು ಹತ್ತಿದೆವು. ಜಯಪುರ ಇನ್ನೇನು ಬಂತು ಎನ್ನುವಾಗ ಒಂದು ತಿರುವಿನಲ್ಲಿ ಬಸ್ಸು ನಿಂತಿತು. ಎದುರಿಗೆ ಪೆಟ್ರೋಲ್ ಟ್ಯಾಂಕರೊಂದು ಚರಂಡಿಗೆ ಮಗುಚಿ ಬಿದ್ದಿತ್ತು. ಹೊಟ್ಟೆ ಒಡೆದು ಪೆಟ್ರೋಲು ಚರಂಡಿಯಲ್ಲಿ ತೋಡಿನಂತೆ ಹರಿಯುತ್ತಿತ್ತು. ಮೊಣಕೈ ತರಚಿಕೊಂಡ ಡ್ರೈವರ್ ರಸ್ತೆ ಬದಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವನನ್ನು ಕೇಳುವವರಿರಲಿಲ್ಲ. ಜನರೆಲ್ಲ ಚರಂಡಿಯಲ್ಲಿದ್ದರು!

ಅದೇನು ಜಾತ್ರೆ! ಹತ್ತಿರದ ಮನೆಗಳ ಹೆಂಗಸರು ಕೊಡಪಾನ ತಂದಿದ್ದರು. ಒಬ್ಬ ಮಗುವಿನ ಸ್ನಾನದ ಟಬ್ಬನ್ನೇ ಹೊತ್ತು ತಂದಿದ್ದ. ನಮ್ಮ ಬಸ್ಸಿನ ಮೇಷ್ಟ್ರೊಬ್ಬರು ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಚೆಲ್ಲಿ ಇಳಿದರು. ಕಂಡಕ್ಟರು ಕ್ಯಾನು ಹಿಡಿದು ಹಾರಿದ. ನೋಡುತ್ತೇನೆ, ನನ್ನ ಪಕ್ಕದ ಸೀಟು ಖಾಲಿ! ದೇಶ ಹಾಳಾಯಿತೆಂದು ಭಾಷಣ ಮಾಡಿದ್ದ ಮಹಾನುಭಾವರು ನೀರಿನ ಬಾಟಲಿ ಬರಿದು ಮಾಡಿಕೊಂಡು ಎಲ್ಲರಿಗಿಂತ ಮುಂದೆ ಇದ್ದರು.

ಅತ್ತೆ ಬಸ್ಸಿನ ಮೆಟ್ಟಿಲಲ್ಲಿ ನಿಂತು ಕೂಗಿದರು. "ಎಲ್ಲ ಹಿಂದೆ ಹೋಗಿ! ಒಂದು ಕಿಡಿ ಸಾಕು, ಒಬ್ರೂ ಉಳಿಯೂದಿಲ್ಲ!"

ಯಾರೂ ಕದಲಲಿಲ್ಲ. "ಅಮ್ಮಾ, ಬನ್ನಿ, ನಿಮಗೂ ಒಂದು ಬಾಟ್ಲಿ ತುಂಬಿಸಿ ಕೊಡ್ತೇನೆ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ.

ಅತ್ತೆ ಒಂದು ಮೆಟ್ಟಿಲು ಕೆಳಗಿಳಿದು ಚರಂಡಿಯ ಕಡೆ ಕೈ ಚಾಚಿದರು. ಮತ್ತೆ ಕೂಗಿದಾಗ ಆ ದನಿ ಅವರದೇ ಎಂದು ನನಗೆ ನಂಬಲಾಗಲಿಲ್ಲ.

"ಅಯ್ಯಯ್ಯೋ, ಕಾಳಿಂಗ! ಚರಂಡಿಯಲ್ಲಿ ಕಾಳಿಂಗ ಸರ್ಪ! ಎರಡುಂಟು, ಎರಡು!"

ಬೆಂಕಿಗೆ ಹೆದರದ ಜನ, ಆಹಾ, ಹೇಗೆ ಓಡಿದರು! ಕೊಡಪಾನಗಳು ಉರುಳಿದವು, ಟಬ್ಬು ಕವುಚಿಬಿತ್ತು, ಮೇಷ್ಟ್ರ ಪಂಚೆ ಬೇಲಿಯಲ್ಲೇ ಉಳಿಯಿತು. ನಮ್ಮ ಡ್ರೈವರ್ ಬಸ್ಸನ್ನೂ ಬಿಟ್ಟು ಓಡಿದ. ತಿರುವಿನಾಚೆ ಬಹಳ ದೂರ ಹೋಗಿ ಎಲ್ಲರೂ ಏದುಸಿರು ಬಿಡುತ್ತ ನಿಂತೆವು. ಅದರ ಬಾಲವನ್ನು ಕಣ್ಣಾರೆ ಕಂಡೆ ಎಂದು ಒಬ್ಬ ಆಣೆ ಹಾಕಿದ. ಎರಡಲ್ಲ, ಮೂರಿದ್ದವು ಎಂದು ಇನ್ನೊಬ್ಬ ತಿದ್ದಿದ. ಟಬ್ಬಿನವನು ಜೇಬು ತಡಕಿ, ಹೆದರಿಕೆ ಕಳೆಯಲು ಒಂದು ಬೀಡಿ ತೆಗೆದು ಕಡ್ಡಿ ಗೀರಿದ.

ಅತ್ತೆ ಹೋಗಿ ಬೀಡಿ ಕಿತ್ತುಕೊಂಡು ನೆಲಕ್ಕೆ ಹಾಕಿ ತುಳಿದರು. ಅದೇ ಬೀಡಿ, ಅದೇ ಕಡ್ಡಿ ಅಷ್ಟು ಹೊತ್ತೂ ಚರಂಡಿಯಲ್ಲಿ ಅವನ ಜೊತೆಗೇ ಇದ್ದವು ಎಂದು ಹೊಳೆದಾಗ ಅಲ್ಲಿದ್ದವರೆಲ್ಲ ತಮ್ಮ ತಮ್ಮ ಜೇಬು ಮುಟ್ಟಿ ನೋಡಿಕೊಂಡರು. ನನ್ನ ಗಂಡ ಮೆಲ್ಲನೆ ತಮ್ಮ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದರು.

ಅಗ್ನಿಶಾಮಕದವರು ಬಂದು ನೊರೆ ಹೊಡೆದರು. ಏನೂ ಉರಿಯಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ, ಹಾಗಾಗಿ ಸ್ವಲ್ಪ ಹೊತ್ತಿಗೇ ಜನರಿಗೆ ಧೈರ್ಯ ಮರಳಿತು. ಹಾವೂ ಇಲ್ಲ, ಎಂತದೂ ಇಲ್ಲ, ಈ ಅಜ್ಜಿಯ ದೆಸೆಯಿಂದ ಪೆಟ್ರೋಲು ಮಣ್ಣುಪಾಲಾಯಿತು ಎಂದು ಬೈದುಕೊಂಡೇ ಬಸ್ಸು ಹತ್ತಿದರು.

ನಾಮಕರಣದ ಮನೆಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಅಲ್ಲಿ ಕಾಳಿಂಗಗಳು ಐದಾಗಿದ್ದವು. ಊಟದ ಪಂಕ್ತಿಯಲ್ಲಿ ಅದೇ ಮಾತು, ಅದೇ ನಗು. ಅತ್ತೆ ಮಾತ್ರ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬರೇ ಕೂತಿದ್ದರು.

"ಅತ್ತೆ, ನೀವು ಸುಳ್ಳು ಹೇಳಿದ್ದು ನಾನು ನೋಡಿದ್ದು ಇವತ್ತೇ!" ಎಂದು ನಗುತ್ತ ಪಕ್ಕದಲ್ಲಿ ಕೂತೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಕೂಸೇ, ಅಲ್ಲಿ ನಮ್ಮ ಮನೆ ಹಿಂದೆ ರೈಲು ಹಳಿ ಇತ್ತು," ಎಂದರು. "ನಾನು ಹೋಗಿ ವರ್ಷ ಆಗಿತ್ತೋ ಇಲ್ಲವೋ. ಎಣ್ಣೆ ತುಂಬಿದ ವ್ಯಾಗನ್ನು ಸೋರಿ, ಜನ ಹೀಗೇ ಕೊಡ ಹಿಡ್ಕೊಂಡು ಬಂದಿದ್ರು. ನಮ್ಮ ಮನೆಗೆ ಹೂ ಕೊಡ್ತಿದ್ಲು ಒಬ್ಳು ಹುಡುಗಿ. ನನ್ನದೇ ಪ್ರಾಯ, ಹೊಸತಾಗಿ ಮದುವೆ ಆಗಿತ್ತು. ಅವಳೂ ಬಂದಿದ್ಲು. ನಾನು ಕಿಟಕಿಯಿಂದ ಕೂಗಿದೆ. ಕಲಿತಿದ್ದ ಮರಾಠಿ ಆ ಹೊತ್ತಿಗೆ ಒಂದಕ್ಷರ ಬಾಯಿಗೆ ಬರ್ಲಿಲ್ಲ. ಬರೇ ಕನ್ನಡ. ಓಡು, ಓಡು ಅಂತ ಎಷ್ಟು ಕೂಗಿದೆ! ಅವಳು ತಲೆ ಎತ್ತಿ ನೋಡಿದ್ಲು. ಊಟಕ್ಕೆ ಕರೀತೇನೆ ಅಂದ್ಕೊಂಡ್ಲೋ ಏನೋ, ನಗಾಡಿ, ಆಮೇಲೆ ಬರ್ತೇನೆ ಅಂತ ಕೈ ಮಾಡಿದ್ಲು. ಮಾಡಿ, ಮತ್ತೆ ಬಗ್ಗಿದ್ಲು."

ಒಳಗೆ ಮಗುವಿನ ತೊಟ್ಟಿಲು ತೂಗುತ್ತ ಹೆಂಗಸರು ಹಾಡುತ್ತಿದ್ದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಇವತ್ತು ನಾನು ಕೂಗಿದ್ದು ಎಲ್ಲರಿಗೂ ಅರ್ಥ ಆಯ್ತು, ಅಲ್ವನೇ?"

"ಎಲ್ಲರಿಗೂ ಆಯ್ತು ಅತ್ತೆ," ಎಂದೆ.