ಮೊದಲನೇ ಸಾಲಿನ ಶ್ರೀಕಾರ

ಸರಿಯಾಗಿ ನಡೆಯುತ್ತಿರುವುದನ್ನು ಸುಮ್ಮನೆ ಬಿಡುವ ವಿವೇಕ ನನಗೆ ಹುಟ್ಟಿನಿಂದಲೇ ಇಲ್ಲ. ಜೊತೆಗೆ ಹಗಲುಗನಸಿನ ಚಟ ಬೇರೆ. ಎರಡೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಗುಬ್ಬಿಯಲ್ಲಿ ನಾನು ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಅಂಗಡಿಯೇ ಸಾಕ್ಷಿ. ಊರೆಲ್ಲ ವಿಂಡೋಸ್ ಎನ್ನುತ್ತಿದ್ದ ಕಾಲದಲ್ಲಿ, ಯಾವುದೋ ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಗೆ ಮನಸೋತು ಅಂಗಡಿಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡಿದ್ದೆ. ಒಂದು ಸೋಮವಾರ ಅದರ ಹೊಸ ಆವೃತ್ತಿಯ ಸೀಡಿ ಕೈಗೆ ಬಂತು. ತುರುಕಿದೆ. ಮಾನಿಟರಿನಲ್ಲಿ ಗೆರೆ ಮೆಲ್ಲಗೆ ಬೆಳೆಯುತ್ತಿತ್ತು, ಕಿಟಕಿಯಾಚೆ ತೆಂಗಿನ ಗರಿ ಮೆಲ್ಲಗೆ ಅಲ್ಲಾಡುತ್ತಿತ್ತು. ಅಷ್ಟರಲ್ಲಿ ನಾನು ಮರಳೂರಿನಲ್ಲಿ ಎರಡನೇ ಅಂಗಡಿ ತೆರೆದು, ಗಾಜಿನ ಬಾಗಿಲು ಇಡಿಸಿ, ಅದರಲ್ಲಿ ನನ್ನ ಕ್ರಾಪು ಸರಿಮಾಡಿಕೊಳ್ಳುತ್ತಿದ್ದೆ. ಕನಸು ಹರಿದಾಗ ಎಲ್ಲ ಮುಗಿದಿತ್ತು; ಪ್ರಿಂಟರಿಗೆ ಕೆಲಸ ಒಪ್ಪಿಸುವ ಸರ್ವೀಸು ಮಾತ್ರ ಏಳುತ್ತಲೇ ಬೀಳುತ್ತಿತ್ತು.

ಎದುರಿನ ಬೆಂಚಿನಲ್ಲಿ ಚೇಳೂರಿನ ಶಿವಣ್ಣನವರು ಕೂತಿದ್ದರು. ಮಗಳ ಮದುವೆ. ಮೊದಲ ಪತ್ರಿಕೆಯನ್ನು ಸೋಮವಾರವೇ ಮನೆದೇವರ ಮುಂದಿಡಬೇಕು. ಅದಾಗದೆ ಒಬ್ಬರನ್ನೂ ಕರೆಯುವಂತಿಲ್ಲ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮುಂದಿನ ಸೋಮವಾರವೇ ಗತಿ.

ಯಂತ್ರ ತನ್ನ ತಕರಾರು ಬರೆದಿಡುವ ಲಾಗ್ ಫೈಲು ತೆರೆದು ನೋಡಿದೆ. ಸರ್ವೀಸಿಗೆ ಅಪ್ಪಣೆ ಬರೆದಿಟ್ಟ ಸೆಟ್ಟಿಂಗ್ ಫೈಲಿನ ಒಂದನೇ ಸಾಲಿನಲ್ಲಿ ದೋಷವಿದೆ ಎಂದು ಇಂಗ್ಲಿಷಿನಲ್ಲಿ ಬಂದಿತ್ತು.

"ಒಂದ್ನೇ ಸಾಲಲ್ಲಿ ಏನೈತೆ ಸ್ವಾಮಿ?" ಎಂದರು ಶಿವಣ್ಣ.

"ಶ್ರೀ ಅಂತ ಇದೆ. ನಾನೇ ಹಾಕಿದ್ದು."

"ಅದ್ರಾಗೆ ದೋಷ ಹೆಂಗಿರ್ತದೆ? ಬುಡಿ, ಕೆಳಗೆ ನೋಡಿ."

ನನಗೂ ಅದೇ ಸರಿಯೆನಿಸಿತು. ಕಾಗದವಿರಲಿ, ಸಾಮಾನಿನ ಚೀಟಿಯಿರಲಿ, ನೆತ್ತಿಯ ಮೇಲೆ ಶ್ರೀ ಬರೆಯದೆ ನಮ್ಮ ಮನೆಯಲ್ಲಿ ಯಾರೂ ಪೆನ್ನು ಓಡಿಸಿದವರಲ್ಲ. ಸರ್ವೀಸಿನ ಸೆಟ್ಟಿಂಗ್ ಫೈಲಿಗೂ ಹಾಗೇ ಹಾಕಿದ್ದೆ. ಹಳೆಯ ಆವೃತ್ತಿ ಕಂಡೂ ಕಾಣದಂತೆ ಇದ್ದುಬಿಟ್ಟಿತ್ತು. ಇಬ್ಬರೂ ಸೇರಿ ಎರಡು ಗಂಟೆ ಉಳಿದ ಸಾಲುಗಳನ್ನೆಲ್ಲ ಜಾಲಾಡಿದೆವು. ಮೂರೂವರೆಗೆ ಸೋಲೊಪ್ಪಿಕೊಂಡೆ: ಹೊಸದಕ್ಕೆ ಶ್ರೀಕಾರ ಅರ್ಥವಾಗುತ್ತಿಲ್ಲ. ಆದರೆ ಅಳಿಸಲು ಬೆರಳು ಬರಲಿಲ್ಲ. ಮದುವೆ ಮನೆಯ ಕೆಲಸ ನೋಡಿ.

"ಅಳಿಸ್ಬ್ಯಾಡಿ," ಎಂದರು ಶಿವಣ್ಣ. "ಅಲಂಕಾರದ ಹೊತ್ನಲ್ಲಿ ಗರ್ಭಗುಡಿಗೆ ಪರದೆ ಎಳೀತಾರಲ್ಲ, ಹಂಗೇನಾದ್ರೂ ಇಲ್ವಾ ಇದ್ರಾಗೆ?"

ಇತ್ತು! ಸಾಲಿನ ಮುಂದೆ ಒಂದು ಹ್ಯಾಶ್ (#) ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದುವುದೇ ಇಲ್ಲ. ಹಾಕಿದೆ. ಸರ್ವೀಸು ಎದ್ದು ನಿಂತಿತು. ಬಿಸಿ ಆರದ ಪತ್ರಿಕೆ ಹಿಡಿದು ಶಿವಣ್ಣ ಬಸ್ಸಿಗೆ ಓಡಿದರು.

ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಶಿವಣ್ಣ ನನ್ನನ್ನು ಬೀಗರಿಗೆ ತೋರಿಸಿದರು: "ಇವ್ರು ಕಂಪ್ಯೂಟ್ರು ಇಟ್ಕಂಡವ್ರೆ. ಕೆಟ್ಟೋದಾಗ ನಾನೇ ಹೋಗಿ ಸರಿ ಮಾಡ್ಕೊಟ್ಟೆ."

ಬಾಯಿ ತೆರೆದೆ. ಎಷ್ಟು ಯೋಚಿಸಿದರೂ ಆ ಮಾತಿನಲ್ಲಿ ತಪ್ಪು ಸಿಗಲಿಲ್ಲ. ತೆರೆದ ಬಾಯಿಗೆ ಹೋಳಿಗೆ ಹಾಕಿಕೊಂಡೆ.