ಫ್ಲೈಟ್ ತಪ್ಪಿಸುವುದು ಹೇಗೆ?

ಬಾಡಿಗೆ ಕಾರು ಓಡಿಸುವವನಿಗೆ ಬೇರೆ ಯಾವುದಕ್ಕೆ ಬರಗಾಲ ಬಂದರೂ ಕತೆಗಳಿಗೆ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂತವರು ಇಳಿಯುವಾಗ ಒಂದೊಂದು ಕತೆ ಬಿಟ್ಟು ಹೋಗುತ್ತಾರೆ, ಕೆಲವರು ಕೊಡೆಯನ್ನೂ ಬಿಟ್ಟು ಹೋಗುತ್ತಾರೆ. ಕೊಡೆಯನ್ನು ಕೇಳಿಕೊಂಡು ಬರುವವರಿದ್ದಾರೆ. ಕತೆ ನನಗೇ ಉಳಿಯುತ್ತದೆ.

ನನ್ನ ಮನೆ ನರಿಕೊಂಬಿನಲ್ಲಿ. ಹದಿನೆಂಟು ವರ್ಷಗಳಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಗಲ್ಫ್ ಪ್ರಯಾಣಿಕರನ್ನು ಏರ್‌ಪೋರ್ಟಿಗೆ ಬಿಡುವುದೇ ನನ್ನ ಮುಖ್ಯ ಕೆಲಸ. ಇಷ್ಟು ವರ್ಷಗಳಲ್ಲಿ ನನ್ನ ಕಾರು ಹತ್ತಿದ ಒಬ್ಬರಿಗೂ ಫ್ಲೈಟ್ ತಪ್ಪಿಲ್ಲ. ನನ್ನ ಹತ್ತಿರ ಇರುವ ಆಸ್ತಿ ಎಂದರೆ ಈ ಒಂದು ಹೆಸರು. ಅದು ಹೋದರೆ ಮರುದಿನದಿಂದಲೇ ನನ್ನ ಬಾಡಿಗೆಯೆಲ್ಲ ಬಿ.ಸಿ. ರೋಡಿನ ಬೇರೆ ಕಾರುಗಳ ಪಾಲು.

ಇದರ ಗುಟ್ಟು ಹೇಳಿಬಿಡುತ್ತೇನೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಮುಟ್ಟುವುದು ಹೇಗೆ ಎಂದು ಯೋಚಿಸುತ್ತಾರೆ. ನಾನು ತಪ್ಪಿಸುವುದು ಹೇಗೆ ಎಂದು ಯೋಚಿಸುತ್ತೇನೆ. ಹಿಂದಿನ ದಿನವೇ ಮನೆಯವರಿಗೆ ಫೋನ್ ಮಾಡಿ, “ನಾಳೆ ನಿಮ್ಮ ಫ್ಲೈಟ್ ತಪ್ಪಬೇಕಾದರೆ ಏನೆಲ್ಲ ಆಗಬೇಕು?” ಎಂದು ಕೇಳುತ್ತೇನೆ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಒಂದೊಂದೇ ದಾರಿಯನ್ನು ಮುಚ್ಚುತ್ತಾ ಬರುತ್ತೇನೆ. ಎಲ್ಲ ದಾರಿ ಮುಚ್ಚಿದ ಮೇಲೆ ಉಳಿಯುವುದು ಏರ್‌ಪೋರ್ಟಿನ ದಾರಿ ಮಾತ್ರ.

ಈ ಪ್ರಶ್ನೆ ಎಲ್ಲರಿಗೂ ಹಿಡಿಸುವುದಿಲ್ಲ. ಸಿದ್ಧಕಟ್ಟೆಯ ಒಬ್ಬರು ಅಜ್ಜಿ ಫೋನಿನಲ್ಲೇ ಕೇಳಿದರು, “ಹೊರಡುವ ಮನೆಗೆ ಫೋನ್ ಮಾಡಿ ಹೇಳ್ಲಿಕ್ಕೆ ಒಂದು ಒಳ್ಳೆ ಮಾತು ಇಲ್ಲವಾ ನಿನ್ನ ಹತ್ತಿರ?” ಬೈಸಿಕೊಳ್ಳುವುದು ದೊಡ್ಡ ವಿಷಯವಲ್ಲ, ಅದು ಡ್ರೈವರಿಗೆ ಅಭ್ಯಾಸ. ಆದರೆ ಈ ವಿದ್ಯೆ ನಿಧಾನವಾಗಿ ನನ್ನ ಗಿರಾಕಿಗಳಿಗೂ ಅಂಟಿತು. ಫಜೀತಿ ಶುರುವಾದದ್ದು ಅಲ್ಲಿಂದ.

ಭದ್ರವಾದ ಜಾಗ

ಬೆಳ್ತಂಗಡಿ ಕಡೆಯ ಒಬ್ಬರು ದೋಹಾದಲ್ಲಿ ಇಲೆಕ್ಟ್ರಿಷಿಯನ್. ರಜೆ ಮುಗಿದಿತ್ತು, ಮರುದಿನ ಬೆಳಿಗ್ಗೆ ಡ್ಯೂಟಿಗೆ ಹಾಜರಾಗದಿದ್ದರೆ ಕೆಲಸಕ್ಕೇ ಕುತ್ತು. ನಾನು ಹಿಂದಿನ ದಿನ ಎಂದಿನ ಹಾಗೆ ಪ್ರಶ್ನೆ ಕೇಳಿದಾಗ ಇಡೀ ಮನೆ ಒಂದೇ ಉತ್ತರ ಕೊಟ್ಟಿತ್ತು: ಪಾಸ್‌ಪೋರ್ಟ್ ಮರೆತರೆ ಫ್ಲೈಟ್ ತಪ್ಪುತ್ತದೆ.

ನಾನು ಹೋಗಿ ಅಂಗಳದಲ್ಲಿ ಕಾರು ನಿಲ್ಲಿಸಿ, ಚಾವಡಿಯಲ್ಲಿ ಕೂತು ಕೊಟ್ಟ ಚಾ ಕುಡಿಯುತ್ತಾ ಇದ್ದೆ. ಒಳಗಿನಿಂದ ಸದ್ದು ಕೇಳಿಸಿತು. ಪಾಸ್‌ಪೋರ್ಟ್ ಕಾಣುತ್ತಿಲ್ಲ. ಗಂಡ ಹೇಳಿದರು, “ನಾನು ಕಪಾಟಿನಲ್ಲಿ ಇಟ್ಟಿದ್ದೆ.” ಹೆಂಡತಿ ಹೇಳಿದರು, “ಕಪಾಟಿನಲ್ಲಿ ಇಟ್ಟರೆ ಮರೀತೀರಿ ಅಂತ ನಾನು ಟಿ.ವಿ. ಮೇಲೆ ಇಟ್ಟೆ.” ಟಿ.ವಿ. ಮೇಲೆ ಇರಲಿಲ್ಲ. ಕಪಾಟು ಖಾಲಿ ಮಾಡಿದರು, ಹಾಸಿಗೆ ಮಗುಚಿದರು, ಅಕ್ಕಿ ಡಬ್ಬದೊಳಗೆ ಕೈ ಹಾಕಿದರು. ಕಟ್ಟಿದ್ದ ಸೂಟ್‌ಕೇಸನ್ನು ಬಿಚ್ಚಿದಾಗ ಹಲಸಿನ ಹಪ್ಪಳ, ಒಣಮೀನು, ಮಾವಿನಮಿಡಿ ಉಪ್ಪಿನಕಾಯಿ ಎಲ್ಲ ಚಾವಡಿಯ ತುಂಬ ಹರಡಿತು. ಕಡೆಗೆ ಗಂಡ ನೆಲದಲ್ಲಿ ಕೂತು, “ಯಾರಾದರೂ ಒಬ್ಬ ಕಳ್ಳನನ್ನಾದರೂ ಕರೀರಿ, ಅವನಿಗೆ ಬೇಗ ಸಿಗಬಹುದು” ಎಂದರು. ಯಾರೂ ನಗಲಿಲ್ಲ. ನಾನೂ ಚಾ ಲೋಟ ಕೆಳಗಿಟ್ಟು ಒಳಗೆ ಹುಡುಕಲು ಸೇರಿದೆ, ನನ್ನ ಹೆಸರಿನ ಪ್ರಶ್ನೆ ಕೂಡ ಅಲ್ಲವಾ?

ಮುಕ್ಕಾಲು ಗಂಟೆ ಕಳೆದ ಮೇಲೆ ಕಾರಿನ ಹಾರ್ನ್ ಕೇಳಿಸಿತು. ಹೋಗಿ ನೋಡಿದರೆ ಇಲೆಕ್ಟ್ರಿಷಿಯನ್ ಅವರ ಅಪ್ಪ, ಎಂಬತ್ತು ದಾಟಿದ ಹಿರಿಯರು, ನಾನು ಬಂದ ಹೊತ್ತಿನಿಂದ ಮುಂದಿನ ಸೀಟಿನಲ್ಲಿ ತಯಾರಾಗಿ ಕೂತಿದ್ದಾರೆ. “ಹೊರಡುವುದಿಲ್ಲವಾ? ಏನು ಹುಡುಕುವುದು ನೀವೆಲ್ಲ?”

“ಪಾಸ್‌ಪೋರ್ಟ್, ಅಪ್ಪ.”

“ಮನೆಯಲ್ಲಿ ಇಟ್ಟರೆ ತಾನೇ ಮನೆಯಲ್ಲಿ ಮರೆತುಹೋಗುವುದು? ಅದಕ್ಕೇ ನಾನು ಕಾರಿಗೆ ತಂದೆ. ಬಿದ್ದುಹೋಗಬಾರದು ಅಂತ ಅದರ ಮೇಲೆಯೇ ಕೂತಿದ್ದೇನೆ. ನೀವು ಯಾರಾದರೂ ನನ್ನ ಹತ್ತಿರ ಕೇಳಿದಿರಾ?”

ನಾಲ್ಕು ಸುಳ್ಳು

ಫ್ಲೈಟ್ ತಪ್ಪುವುದು ರಸ್ತೆಯಲ್ಲಿ ಅಲ್ಲ, ಅಂಗಳದಲ್ಲಿ. ಇದು ನಾನು ಬಹಳ ಬೇಗ ಕಲಿತ ಪಾಠ. ಹೊರಡುವವರನ್ನು ಬೀಳ್ಕೊಡಲು ನೆಂಟರೆಲ್ಲ ಬಂದಿರುತ್ತಾರೆ. ಒಬ್ಬೊಬ್ಬರನ್ನೇ ಮಾತಾಡಿಸಬೇಕು, ಅಜ್ಜಿಯ ಹತ್ತಿರ ಎರಡು ಸಲ ಹೋಗಬೇಕು, ಕಾರು ಸ್ಟಾರ್ಟ್ ಆದ ಮೇಲೆ ಇನ್ನೊಬ್ಬರು ಕಟ್ಟು ಹಿಡಿದುಕೊಂಡು ಓಡಿ ಬರಬೇಕು. ಆದ್ದರಿಂದ ನಾನು ಮನೆಯವರಿಗೆ ಫ್ಲೈಟಿನ ಹೊತ್ತನ್ನು ಯಾವಾಗಲೂ ಎರಡು ಗಂಟೆ ಮೊದಲೇ ಹೇಳುತ್ತೇನೆ. ಇದು ಸುಳ್ಳು ಅಲ್ಲ, ಮುನ್ನೆಚ್ಚರಿಕೆ.

ಮಾಣಿ ಊರಿನ ಒಂದು ಬ್ಯಾರಿ ಕುಟುಂಬದ ಹುಡುಗ ದುಬೈಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ವೀಸಾದ ಅವಧಿ ಮುಗಿಯುವುದರಲ್ಲಿತ್ತು, ಆ ದಿನ ಹೋಗದಿದ್ದರೆ ಹೊಸ ವೀಸಾಕ್ಕೆ ಮತ್ತೆ ಒದ್ದಾಡಬೇಕು. ಅವನ ಅಣ್ಣ ನನಗೆ ಫೋನ್ ಮಾಡಿ, “ಮೂರು ಗಂಟೆಗೆ ಫ್ಲೈಟ್” ಎಂದರು. ನಾನು ಅವರ ತಾಯಿಗೆ, ಅಂದರೆ ಉಮ್ಮನಿಗೆ, “ಒಂದು ಗಂಟೆಗೆ ಫ್ಲೈಟ್” ಎಂದೆ. ಉಮ್ಮ ತನ್ನ ನೆಂಟರನ್ನು ಚೆನ್ನಾಗಿ ಬಲ್ಲವರು. ಅವರಿಗೆಲ್ಲ “ಹನ್ನೆರಡಕ್ಕೆ” ಎಂದು ಹೇಳಿದರು.

ಅವತ್ತು ಆಶ್ಚರ್ಯ ಕಾದಿತ್ತು. ನೆಂಟರೆಲ್ಲ ಬೆಳಿಗ್ಗೆ ಏಳಕ್ಕೇ ಬಂದು ತಿಂಡಿ ತಿಂದು, ಹುಡುಗನನ್ನು ಹರಸಿ, ಅತ್ತು ಮುಗಿಸಿದ್ದರು. ನನಗೆ ಮಾಡಲು ಕೆಲಸವೇ ಇರಲಿಲ್ಲ. ಒಂಬತ್ತಕ್ಕೆ ಮಾಣಿ ಬಿಟ್ಟೆವು, ನನ್ನ ಕಾರು ಮುಂದೆ, ನೆಂಟರ ಎರಡು ಕಾರು ಹಿಂದೆ. ಹತ್ತೂಕಾಲಕ್ಕೆ ಏರ್‌ಪೋರ್ಟ್. ಜೀವನದಲ್ಲಿ ಮೊದಲ ಸಲ ಬೀಳ್ಕೊಡುಗೆಯ ದಂಡನ್ನು ಹೊತ್ತಿಗೆ ಮೊದಲೇ ತಂದು ನಿಲ್ಲಿಸಿದೆ ಎಂದು ನಾನು ಮೀಸೆ ತಿರುವಿಕೊಂಡೆ.

ಬಾಗಿಲಿನ ಗಾರ್ಡ್ ಹುಡುಗನ ಟಿಕೆಟನ್ನು ಎರಡು ಸಲ ನೋಡಿದ. ಫ್ಲೈಟ್ ಇದ್ದದ್ದು ಸಂಜೆ ಆರು ಗಂಟೆಗೆ.

ನಾನು ಅಣ್ಣನ ಮುಖ ನೋಡಿದೆ. “ಮೂರು ಅಂದಿದ್ದಿರಲ್ಲ?”

“ಇವನು ನನಗೆ ನಾಲ್ಕು ಅಂದಿದ್ದ. ಡ್ರೈವರುಗಳು ಲೇಟ್ ಮಾಡ್ತಾರೆ ಅಂತ ನಾನು ನಿಮಗೆ ಮೂರು ಅಂದೆ.”

ಎಲ್ಲರೂ ಹುಡುಗನ ಕಡೆ ತಿರುಗಿದೆವು. ಅವನು ಮೆಲ್ಲಗೆ ಹೇಳಿದ, “ಅಣ್ಣ ಯಾವಾಗಲೂ ತಡ ಮಾಡುವುದಲ್ಲವಾ, ಅದಕ್ಕೆ ನಾಲ್ಕು ಅಂದಿದ್ದೆ. ಬೆಳಿಗ್ಗೆ ಹೇಳುವ ಅಂತ ಇದ್ದೆ. ಆದರೆ ಉಮ್ಮ ಆಗ ತಾನೇ ಅಳುವುದು ನಿಲ್ಲಿಸಿದ್ದರು. ಪುನಃ ಶುರುವಾಗುವುದು ಬೇಡ ಅಂತ ಸುಮ್ಮನಾದೆ.”

ನಾನು ಗಾರ್ಡ್ ಹತ್ತಿರ ಹೋಗಿ, ಸ್ವಲ್ಪ ಬೇಗ ಒಳಗೆ ಬಿಡಲು ಆಗುತ್ತದಾ ಎಂದು ವಿನಯದಿಂದ ಕೇಳಿದೆ. ಅವನು ನನಗಿಂತಲೂ ವಿನಯದಿಂದ ಹೇಳಿದ, “ಬಿಟ್ಟು ಏನು ಮಾಡುವುದು ಮಾರಾಯ್ರೆ? ಇವರು ಹೋಗುವ ವಿಮಾನ ದುಬೈಯಿಂದ ಇನ್ನೂ ಹೊರಟೇ ಇಲ್ಲ.”

ಮೂರನೆಯ ಊಟ

ಮೂಡುಬಿದಿರೆಯ ಜೈನ ಮನೆತನದ ಒಬ್ಬರು ಹಿರಿಯರು ದುಬೈಯಲ್ಲಿರುವ ಮಗಳ ಮನೆಗೆ ಮೊದಲ ಬಾರಿ ಹೊರಟಿದ್ದರು. ಊರಲ್ಲಿ ಎಲ್ಲರೂ ಅವರನ್ನು ದನಿಗಳೇ, ಅಂದರೆ ಒಡೆಯರೇ, ಎಂದು ಕರೆಯುತ್ತಾರೆ, ನಾನೂ ಹಾಗೇ. ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಬೇರೆಯವರ ಹಾಗೆ ಇರಲಿಲ್ಲ. “ಫ್ಲೈಟ್ ತಪ್ಪಿದರೆ ತಪ್ಪಲಿ, ಮಾರಾಯ. ನಿಯಮ ತಪ್ಪಬಾರದು.”

ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಹುಟ್ಟಿದಂದಿನಿಂದ ನಡೆದು ಬಂದ ಪದ್ಧತಿ. ಫ್ಲೈಟ್ ಮಧ್ಯಾಹ್ನ ಮೂರಕ್ಕೆ, ಇಳಿಯುವುದು ನಮ್ಮ ಗಡಿಯಾರದ ಆರೂವರೆಗೆ, ಮಗಳ ಮನೆಗೆ ಮುಟ್ಟುವಾಗ ಏಳು ದಾಟುತ್ತದೆ. ಅಲ್ಲಿಗೆ ಕತ್ತಲು. “ನಿಯಮ ತಪ್ಪುವ ಜಾಗ ಅದು. ಹಾಗಾದರೆ ಅದಕ್ಕೆ ಮೊದಲೇ ಊಟ ಮುಗಿಸುವುದು. ವಿಮಾನದ ಊಟ ನಮಗೆ ಆಗುವುದಿಲ್ಲ. ಒಳಗೆ ಹೋದ ಮೇಲೆ ಏನು ಸಿಗ್ತದೋ ಏನೋ. ಹೊರಗೇ ಮುಗಿಸುವ” ಎಂದು ಅವರು ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದರು. ನನಗೆ ಬಹಳ ಸಂತೋಷವಾಯಿತು. ಇಷ್ಟು ಒಳ್ಳೆಯ ಶಿಷ್ಯ ಸಿಕ್ಕಿರಲಿಲ್ಲ.

ಹಾಗೆ ಬೆಳಿಗ್ಗೆ ಹತ್ತಕ್ಕೆ ಮನೆಯಲ್ಲಿ ಮಧ್ಯಾಹ್ನದ ಊಟವಾಯಿತು. ಹನ್ನೆರಡಕ್ಕೆ ಏರ್‌ಪೋರ್ಟಿನ ಹೊರಗೆ, ನನ್ನ ಕಾರಿನೊಳಗೆ, ಬುತ್ತಿ ಬಿಚ್ಚಿ ರಾತ್ರಿ ಊಟವಾಯಿತು. ಹೊಟ್ಟೆಯಲ್ಲಿ ಜಾಗ ಇರಲಿಲ್ಲ, ಆದರೂ ಅವರು ಒಂದು ಅಗುಳು ಬಿಡದೆ ಉಂಡರು. ಕೈ ತೊಳೆದು, ಎರಡು ಸಲ ತೇಗಿ, ನೆಮ್ಮದಿಯಿಂದ ಒಳಗೆ ಹೋದರು.

ಅವತ್ತು ರಾತ್ರಿ ಎಂಟರ ಹೊತ್ತಿಗೆ ನನಗೆ ಫೋನ್ ಬಂತು. ಮೂಡುಬಿದಿರೆಯಲ್ಲಿ ದೀಪ ಹಚ್ಚಿ ಎಷ್ಟೋ ಹೊತ್ತಾಗಿತ್ತು.

“ಮುಟ್ಟಿದೆ, ಮಾರಾಯ. ಮಗಳು ಬಾಳೆಲೆ ಹಾಕಿ ಕಾದು ಕೂತಿದ್ದಾಳೆ. ಒಂದು ವಾರದಿಂದ ಅಡಿಗೆಯ ಪಟ್ಟಿ ಮಾಡಿದ್ದಾಳಂತೆ. ಇಲ್ಲಿ ನೋಡಿದರೆ ಬಿಸಿಲು ಉಂಟು.”

ನಾವು ಪಡುವಣಕ್ಕೆ ಹೋದ ಹಾಗೆ ಸೂರ್ಯನೂ ಜೊತೆಗೆ ಬರುತ್ತಾನೆ ಎನ್ನುವುದು ನಮ್ಮಿಬ್ಬರ ಲೆಕ್ಕದಲ್ಲೂ ಇರಲಿಲ್ಲ. “ಹಾಗಾದರೆ ಒಳ್ಳೆಯದೇ ಆಯ್ತಲ್ಲ. ಊಟ ಮಾಡಿ ದನಿಗಳೇ.”

“ಎಲ್ಲಿ ಹಾಕುವುದು? ಇವತ್ತಿಗೆ ಇದು ಮೂರನೆಯದು. ಕತ್ತಲಾಯ್ತು, ನಾಳೆ ನೋಡುವ ಅಂತ ಹೇಳ್ಲಿಕ್ಕೆ ಕಿಟಕಿ ಹತ್ತಿರ ಕೂತಿದ್ದೇನೆ. ಸೂರ್ಯ ಬೇಗ ಮುಳುಗಲಿ ಅಂತ ಇಡೀ ಆಯುಷ್ಯದಲ್ಲಿ ಬೇಡಿಕೊಂಡದ್ದು ಇವತ್ತೇ ಮೊದಲು.”

ನಮ್ಮದೇ ಸವಾರಿ

ಈಗ ನನ್ನದೇ ಕತೆಗೆ ಬರುತ್ತೇನೆ. ಬೇರೆಯವರದ್ದು ಹೇಳಿ ನನ್ನದು ಬಿಟ್ಟರೆ ಹೆಂಡತಿ ಸುಮ್ಮನಿರುವುದಿಲ್ಲ.

ನಮ್ಮ ಮಗಳು ಅಬುಧಾಬಿಯಲ್ಲಿ ಹೆತ್ತಳು. ಹೆಣ್ಣು ಮಗು. ನಮಗೆ ಮೊದಲ ಮೊಮ್ಮಗಳು. ನಾವಿಬ್ಬರೂ ಹೊರಡುವ ದಿನದ ಮರುದಿನ ಬೆಳಿಗ್ಗೆ ತೊಟ್ಟಿಲಿಗೆ ಹಾಕುವ ಶಾಸ್ತ್ರ, ಅಜ್ಜಿಯೇ ಮಗುವನ್ನು ಎತ್ತಿ ಮಲಗಿಸಬೇಕು ಎಂದು ಮಗಳ ಆಸೆ. ಹೆಂಡತಿ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನನಗೂ ಹೆದರಿಕೆಯೇ. ಹದಿನೆಂಟು ವರ್ಷ ಊರಿನವರನ್ನೆಲ್ಲ ಹತ್ತಿಸಿದವನಿಗೆ ತನ್ನ ಫ್ಲೈಟೇ ತಪ್ಪಿದರೆ ಮುಖ ಎಲ್ಲಿಡುವುದು?

ಈ ಸಲ ಚೀಟಿ ಎರಡು ಪುಟವಾಯಿತು. ಬೇರೆ ಡ್ರೈವರ್ ಬಂದರೆ ಅವನು ತಡ ಮಾಡಬಹುದು, ಆದ್ದರಿಂದ ಕಾರು ನಾನೇ ಓಡಿಸುವುದು. ಹೆಂಡತಿ ಪಾಸ್‌ಪೋರ್ಟ್ ಮರೆಯಬಹುದು, ಆದ್ದರಿಂದ ಇಬ್ಬರದ್ದೂ ಟಿಕೆಟೂ ಪಾಸ್‌ಪೋರ್ಟೂ ನನ್ನ ಕೈಚೀಲದಲ್ಲೇ ಇರುವುದು. ಟಯರ್ ಪಂಚರ್ ಆಗಬಹುದು, ಆದ್ದರಿಂದ ಎರಡು ಸ್ಟೆಪ್ನಿ. ಪೊಳಲಿ ರಸ್ತೆಯಲ್ಲಿ ಮದುವೆ ದಿಬ್ಬಣ ಅಡ್ಡ ಬರಬಹುದು, ಆದ್ದರಿಂದ ಮೂರು ಗಂಟೆಯ ಫ್ಲೈಟಿಗೆ ಹನ್ನೊಂದಕ್ಕೇ ಮುಟ್ಟುವುದು. ಹೆಂಡತಿಯನ್ನು ಅಲ್ಲಿ ಇಳಿಸಿದ ಮೇಲೆ ಕಾರನ್ನು ಬಜಪೆ ಪೇಟೆಯಲ್ಲಿ ಸ್ನೇಹಿತನ ಗ್ಯಾರೇಜಿನಲ್ಲಿ ನಿಲ್ಲಿಸಿ, ರಿಕ್ಷಾ ಹಿಡಿದು ವಾಪಸು ಏರ್‌ಪೋರ್ಟಿಗೆ ಬರುವುದು.

ಎಲ್ಲ ಚೀಟಿಯಲ್ಲಿದ್ದ ಹಾಗೇ ನಡೆಯಿತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಾಗಿಲಿನ ಎದುರು ಹೆಂಡತಿಯನ್ನು ಇಳಿಸಿದೆ. ಸೂಟ್‌ಕೇಸುಗಳನ್ನು ಟ್ರಾಲಿಗೆ ಏರಿಸಿದೆ. “ಏನೂ ಬಿಟ್ಟುಹೋಗಿಲ್ಲವಲ್ಲ? ಸರಿ ಹಾಗಾದರೆ, ಜಾಗ್ರತೆ” ಎಂದೆ. ಕಾರು ಹತ್ತಿ ಏರ್‌ಪೋರ್ಟಿನ ಗುಡ್ಡೆ ಇಳಿದೆ.

ಮುಂದಿನದ್ದಕ್ಕೆ ನನ್ನನ್ನು ಬೈಯಬೇಡಿ. ಗುಡ್ಡೆ ಇಳಿದರೆ ಕಾರು ತಾನಾಗಿಯೇ ಮನೆಯ ದಾರಿ ಹಿಡಿಯುತ್ತದೆ. ಬಜಪೆ ಬಂತು, ಹೋಯಿತು. ಮನಸ್ಸಿಗೆ ಎಂದಿನ ನೆಮ್ಮದಿ, ಇವತ್ತಿಗೂ ಹೆಸರು ಉಳಿಯಿತು ಎಂದು. ಕೈಕಂಬದಲ್ಲಿ ಯಾವಾಗಲೂ ನಿಲ್ಲಿಸುವ ಹೋಟೆಲಿನಲ್ಲಿ ನಿಲ್ಲಿಸಿ, ಒಂದು ಪ್ಲೇಟ್ ಗೋಳಿಬಜೆ ತರಿಸಿದೆ. ಎರಡನೆಯದನ್ನು ಚಟ್ನಿಗೆ ಅದ್ದುವಾಗ ಹೆಂಡತಿಯ ಫೋನ್ ಬಂತು.

“ಎಲ್ಲಿದ್ದೀರಿ?”

“ಕೈಕಂಬದಲ್ಲಿ. ಚಾ ಕುಡಿತಾ ಇದ್ದೇನೆ. ಪಾರ್ಟಿಯನ್ನು ಸರಿಯಾದ ಹೊತ್ತಿಗೆ ಬಿಟ್ಟಾಯ್ತು. ಅರ್ಧ ಗಂಟೆಯಲ್ಲಿ ಮನೆಗೆ ಬರ್ತೇನೆ. ಏನು ಅಡಿಗೆ?”

ಆ ಕಡೆಯಿಂದ ಬಹಳ ಶಾಂತವಾಗಿ ಕೇಳಿಸಿತು.

“ಇವರೇ, ಆ ಪಾರ್ಟಿ ನಾನು.”

ಗೋಳಿಬಜೆಯನ್ನು ಚಟ್ನಿಯಲ್ಲೇ ಬಿಟ್ಟು ಎದ್ದೆ. ಪಾಸ್‌ಪೋರ್ಟ್ ಇದ್ದ ಕೈಚೀಲ ನನ್ನ ಪಕ್ಕದಲ್ಲೇ ಇತ್ತು. ನಾನು ಕಾರು ತಿರುಗಿಸಿದ ರೀತಿಯನ್ನು ಕೈಕಂಬದವರು ಈಗಲೂ ನೆನಪು ಮಾಡಿಕೊಳ್ಳುತ್ತಾರಂತೆ. ಗ್ಯಾರೇಜಿನಲ್ಲಿ ಕಾರು ಬಿಸಾಡಿ, ರಿಕ್ಷಾದಲ್ಲಿ ಗುಡ್ಡೆ ಹತ್ತಿ, ಬೆವರಿಳಿಸುತ್ತಾ ಬಾಗಿಲಿಗೆ ಓಡಿದೆ. ಗಾರ್ಡ್ ಕೈ ಅಡ್ಡ ಹಿಡಿದ. “ನಿಮಗೆ ಗೊತ್ತಿಲ್ಲವಾ? ಡ್ರೈವರುಗಳು ಒಳಗೆ ಹೋಗುವ ಹಾಗಿಲ್ಲ.” ಟಿಕೆಟ್ ತೋರಿಸಿದೆ. ಅವನು ಟಿಕೆಟ್ ನೋಡಿದ, ನನ್ನನ್ನು ನೋಡಿದ, ಟ್ರಾಲಿಯ ಮೇಲೆ ಕೂತಿದ್ದ ನನ್ನ ಹೆಂಡತಿಯನ್ನು ನೋಡಿದ. ಅವಳು, “ಬಿಡಿ, ನಮ್ಮವರೇ” ಎಂದಳು.

ಗಂಟೆಗಟ್ಟಲೆ ಮೊದಲೇ ಬಂದದ್ದು ನಮ್ಮನ್ನು ಉಳಿಸಿತು. ಒಳಗೆ ಕೂತಿದ್ದ ಎರಡು ಗಂಟೆಯೂ ಹೆಂಡತಿ ಆ ಕೈಚೀಲವನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ವಿಮಾನ ಹತ್ತಿದೆವು. ಕಿಟಕಿಯ ಪಕ್ಕದ ಸೀಟು ಅವಳದ್ದು, ಆಕಾಶ ನೋಡಬೇಕೆಂದು ಅವಳೇ ಕೇಳಿ ಮಾಡಿಸಿಕೊಂಡದ್ದು. ನಾನು ಅವಳಿಗೆ ದಾರಿ ಬಿಟ್ಟು ನಿಂತೆ. ಅವಳು ಕದಲಲಿಲ್ಲ.

“ಒಳಗೆ ನೀವು ಕೂರಿ. ನಾನು ಈ ಕಡೆ ಅಡ್ಡ ಕೂತುಕೊಳ್ತೇನೆ.”

“ನಿನಗೆ ಆಕಾಶ ನೋಡ್ಲಿಕ್ಕಿತ್ತಲ್ಲ?”

“ಆಕಾಶ ವಾಪಸು ಬರುವಾಗ ನೋಡುವ. ಈಗ ನಿಮ್ಮನ್ನು ಹೊರಗೆ ಕೂರಿಸಿದರೆ, ಇವಳನ್ನು ಸೀಟಿನ ವರೆಗೆ ಬಿಟ್ಟಾಯ್ತು ಅಂತ ಇಳಿದು ಮನೆಗೆ ಹೋಗ್ತೀರಿ.”