ಅಡುಗೆಯವರ ಊಟ ವಿಚಾರಿಸುವ ಅತ್ತೆ

ನಮ್ಮ ಹೊಸನಗರದ ಅತ್ತೆಯನ್ನು ಮದುವೆಗೆ ಕರೆಯಲು ಜನ ಹಿಂದೆಮುಂದೆ ನೋಡುತ್ತಾರೆ. ಜಗಳಗಂಟಿಯೇ? ಛೇ, ಬೆಣ್ಣೆಯಂಥ ಹೆಂಗಸು! ಆದರೆ ಊಟಕ್ಕೆ ಏಳಿ ಎಂದರೆ ಸೀದಾ ಅಡುಗೆಮನೆಗೆ ನಡೆಯುತ್ತಾರೆ. "ನಿಮ್ದೆಲ್ಲ ಊಟ ಆಯ್ತಾ?" ಅಡುಗೆಯವರು ಉಣ್ಣುವುದು ಎಲ್ಲರ ಕೊನೆಗೆ. ಅಲ್ಲಿಯವರೆಗೆ ಅತ್ತೆಯೂ ಉಣ್ಣುವುದಿಲ್ಲ! ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಇವರು ಮುನಿಸಿಕೊಂಡಿದ್ದಾರೆಂದು ತಿಳಿದು ಬೀಗರು ಕೈಮುಗಿದರು, ಕೊನೆಗೆ ಮದುಮಗನೇ ಬಂದ. ಅತ್ತೆ ಅವನ ಕೈಗೆ ಪಾಯಸದ ಬಕೆಟ್ ಕೊಟ್ಟು ಅಡುಗೆಯವರಿಗೆ ಬಡಿಸಲು ಕಳಿಸಿದರು.

ಸಾಗರದ ಸೀರೆ ಅಂಗಡಿಯಲ್ಲಂತೂ, ನಿಂತೇ ಇದ್ದ ಮಾರಾಟದ ಹುಡುಗಿಯನ್ನು ಕೂರಿಸಿ ತಾವೇ ಸೀರೆ ಬಿಡಿಸಿ ತೋರಿಸತೊಡಗಿದರು. ಬೇರೆ ಗಿರಾಕಿಗಳು ಇವರ ಹತ್ತಿರವೇ ಚೌಕಾಸಿಗಿಳಿದರು!

ಇಂಥವರು ರಿಪ್ಪನ್‌ಪೇಟೆಯ ನನ್ನ ಅಡಿಕೆ ಹಾಳೆತಟ್ಟೆ ಕಾರ್ಖಾನೆಗೆ ದಿನಾ ಬಂದು ಕೂತರೆ ನನ್ನ ಗತಿ? ನಮ್ಮ ತಟ್ಟೆ ಹೋಗುವುದು ವಿದೇಶಕ್ಕೆ. ಮಾಡಿದವರಿಗೆ ಅನ್ಯಾಯವಾಗಿಲ್ಲವೇ ಎಂದು ಕೊಳ್ಳುವ ಕಂಪನಿಯೇ ವಿಚಾರಿಸಬೇಕೆಂದು ಅಲ್ಲಿ ಕಾನೂನು. ನಮ್ಮ ದೇಶಕ್ಕೆ ಅಂಥ ಕಾನೂನು ಇನ್ನೂ ಬಂದಿಲ್ಲ; ಅದಕ್ಕೆ ಮೊದಲೇ ಅತ್ತೆ ಬಂದುಬಿಟ್ಟಿದ್ದಾರೆ! ಮೊನ್ನೆ ಕಂಪನಿಯ ಮೇಡಂ ವಿಚಾರಣೆಗೆ ಬಂದರು. ಅವರು ಒಪ್ಪದಿದ್ದರೆ ಆರ್ಡರ್ ಇಲ್ಲ, ಆರ್ಡರ್ ಇಲ್ಲದಿದ್ದರೆ ಕಾರ್ಖಾನೆಗೆ ಬೀಗ.

"ಇಲ್ಲಿ ಯಾರಾದ್ರೂ ಹಿಂಸೆ ಕೊಡ್ತಾರಾ?" ಎಂದು ಮೇಡಂ ಕೇಳಿದರು.

ಕೆಲಸದ ಹೆಂಗಸರೆಲ್ಲ ಅತ್ತೆಯ ಕಡೆ ಕೈ ತೋರಿಸಿದರು. "ಇವ್ರೇ! ಕೂತ್ಕಳಿ, ನೀರು ಕುಡೀರಿ ಅಂತ ಜೀವ ತಿಂತಾರೆ," ಎಂದಳು ಸರೋಜ.

ಮೇಡಂ ನಕ್ಕರು. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಅತ್ತೆ, "ಪಾಯಿಖಾನೆ ಬಾಗ್ಲಿಗೆ ಚಿಲ್ಕ ಇಲ್ಲ ನೋಡಿ. ಇವ್ನಿಗೆ ಹೇಳಿ ಹೇಳಿ ಸಾಕಾಯ್ತು," ಎಂದುಬಿಟ್ಟರು! ಮೇಡಂ ಮುಖದ ನಗು ಹೋಯಿತು. ಮೊದಲು ಚಿಲಕ ಹಾಕಿಸಿ, ಆರ್ಡರ್ ಆಮೇಲೆ ನೋಡೋಣ ಎಂದು ಹೊರಟರು.

"ಎಂತ ಮಾಡಿದ್ರಿ ಅತ್ತೆ! ಆರ್ಡರ್ ಹೋದ್ರೆ ಇವರಿಗೆಲ್ಲ ಕೆಲಸ ಎಲ್ಲಿ?" ಎಂದು ರೇಗಿದೆ.

ಅತ್ತೆ ತಟ್ಟೆಗಳನ್ನು ಜೋಡಿಸಿಡುತ್ತ ಹೇಳಿದರು, "ನಿಮ್ಮಾವ ಹೋದ್ಮೇಲೆ ನಾನು ಮದುವೆ ಅಡುಗೆಗೆ ಹೋಗ್ತಿದ್ನಲ್ಲ ಮಾರಾಯ. ಉಂಡ್ಯಾ ಅಂತ ಒಬ್ರೂ ಕೇಳ್ಲಿಲ್ಲ. ಇವತ್ತು ಕೇಳಕ್ಕೆ ಅಂತ್ಲೇ ಒಬ್ರು ಬಂದಿದ್ರು. ಸುಮ್ನಿರಕ್ಕೆ ಆಗ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ! ಪೇಟೆಗೆ ಓಡಿ ಚಿಲಕ ತಂದು ನಾನೇ ಜಡಿದೆ, ಫೋಟೊ ಕಳಿಸಿದೆ. ಆರ್ಡರ್ ಖಾಯಂ ಎಂದು ಮೇಡಂ ಫೋನ್ ಮಾಡಿದರು. ಹೇಳೋಣವೆಂದು ಒಳಗೆ ಬಂದರೆ, ಊಟದ ಹೊತ್ತು ಮೀರಿದ್ದರೂ ಯಾರೂ ಬುತ್ತಿ ಬಿಚ್ಚಿಲ್ಲ. ಆರ್ಡರ್ ಕೈತಪ್ಪಿತೆಂಬ ಸಂಕಟಕ್ಕೆ ಅತ್ತೆ ಉಂಡಿರಲಿಲ್ಲವಂತೆ. ಅವರು ಉಣ್ಣದೆ ಇವರೂ ಉಣ್ಣುವುದಿಲ್ಲವಂತೆ! ಸರೋಜ ಬಗ್ಗಿ ಕೇಳುತ್ತಿದ್ದಳು:

"ಅಮ್ಮಾ, ನಿಮ್ದು ಊಟ ಆಯ್ತಾ?"

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವತ್ತು ಎಲ್ಲರಿಗಿಂತ ಮೊದಲು ಅವರಿಗೆ ಬಡಿಸಿದೆವು.